ಮೊದಲ ಮಹಾಯುದ್ಧದ ಸೈನಿಕರ ಕುಟುಂಬದ ಫೋಟೋಗಳ ಹಿಂದೆ ವಿಳಾಸದ ಗೆರೆ ಯಾಕಿರುತ್ತದೆ?

ಯಾಕೆಂದರೆ ಅವು ಫೋಟೋನೂ ಹೌದು, ಪೋಸ್ಟ್‌ಕಾರ್ಡೂ ಹೌದು. 1914–18ರ ಬ್ರಿಟನ್ನಿನಲ್ಲಿ ಎಷ್ಟೋ ಸ್ಟುಡಿಯೋಗಳು ಪೋಸ್ಟ್‌ಕಾರ್ಡ್ ಅಳತೆಯ ಫೋಟೋ ಕಾಗದದ ಮೇಲೇ ಪ್ರಿಂಟ್ ಹಾಕುತ್ತಿದ್ದವು. ಅದರ ಬೆನ್ನಿಗೆ ವಿಳಾಸದ ಗೆರೆ ಕಾರ್ಖಾನೆಯಲ್ಲೇ ಅಚ್ಚಾಗಿ ಬರುತ್ತಿತ್ತು. ಗಾಜಿನ ನೆಗೆಟಿವ್ ಅನ್ನು ಕಾಗದಕ್ಕೆ ಒತ್ತಿಟ್ಟು ಬೆಳಕು ಬಿಟ್ಟರೆ ಅದೇ ಅಳತೆಯ ಚಿತ್ರ ಮೂಡುತ್ತದೆ. ದೊಡ್ಡದು ಮಾಡುವ ಕೆಲಸವೇ ಇಲ್ಲ. ಹಾಗಾಗಿ ಅಗ್ಗ. ಎಷ್ಟು ಪ್ರತಿ ಬೇಕಾದರೂ ತೆಗೆಸಬಹುದು: ಹೆಂಡತಿಗೊಂದು, ಅಮ್ಮನಿಗೊಂದು, ಸೈನಿಕನ ಜೇಬಿಗೊಂದು.

ಯೂನಿಫಾರ್ಮಿನಲ್ಲಿ ಅವನು, ಪಕ್ಕದಲ್ಲಿ ಹೆಂಡತಿ, ಹಿಂದೆ ಬಣ್ಣ ಬಳಿದ ಪರದೆ. ತೊಡೆ ಮೇಲಿನ ಮಗುವಿನ ಮುಖ ಒಮ್ಮೊಮ್ಮೆ ಮಬ್ಬಾಗಿರುತ್ತದೆ. ಅದು ಸುಮ್ನೆ ಕೂರಬೇಕಲ್ವಾ! ತಮಾಷೆ ಅಂದರೆ, ಬಹಳಷ್ಟು ಕಾರ್ಡುಗಳಲ್ಲಿ ಸ್ಟಾಂಪೇ ಇಲ್ಲ. ಲಕೋಟೆಯೊಳಗೆ ಹೋದವು, ಇಲ್ಲವೇ ಕೈಯಲ್ಲೇ ಕೊಟ್ಟವು.