ಫ್ಲೋರಿಡಾ ಸ್ಟೇಟ್‌ಗೆ ಆದದ್ದು ಇಷ್ಟು

2023ರ ಅಮೆರಿಕನ್ ಕಾಲೇಜು ಫುಟ್‌ಬಾಲ್‌ನಲ್ಲಿ ಒಂದೂ ಪಂದ್ಯ ಸೋಲದೆ ಎಸಿಸಿ ಎಂಬ ಲೀಗ್ ಗೆದ್ದ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ, ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್‌ನಲ್ಲಿ ಯಾಕಿರಲಿಲ್ಲ ಅಂತ ಕೇಳಿದ್ದೀರಿ. ಕಾರಣ ಒಂದು ಕಾಲು! ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವ ಆಟಗಾರ) ಜೋರ್ಡನ್ ಟ್ರಾವಿಸ್ ನವೆಂಬರ್‌ನಲ್ಲಿ ಕಾಲಿಗೆ ಪೆಟ್ಟು ಮಾಡಿಕೊಂಡರು. ಅವರ ಬದಲಿಗೆ ಬಂದ ಎರಡನೆಯವನಿಗೂ ತಲೆಗೆ ಪೆಟ್ಟು. ಕೊನೆಗೆ ಮೊದಲ ವರ್ಷದ ಹುಡುಗನನ್ನು ಇಳಿಸಿ ಎಸಿಸಿ ಫೈನಲ್‌ನಲ್ಲಿ ಲೂಯಿವಿಲ್ ತಂಡವನ್ನು 16-6ರಿಂದ ಸೋಲಿಸಿದರು. ಗೆಲ್ಲಿಸಿದ್ದು ಡಿಫೆನ್ಸ್.

ಆಗ ಪ್ಲೇಆಫ್‌ನಲ್ಲಿ ಇದ್ದದ್ದು ನಾಲ್ಕೇ ಜಾಗ. ಟ್ರಾವಿಸ್ ಇಲ್ಲದ ತಂಡ ಮೊದಲಿನ ತಂಡವಲ್ಲ ಎಂದು ಆಯ್ಕೆ ಸಮಿತಿ, ಒಂದು ಪಂದ್ಯ ಸೋತಿದ್ದ ಅಲಬಾಮಾವನ್ನು ತೆಗೆದುಕೊಂಡಿತು. ನನಗಂತೂ ಇದು ಅನ್ಯಾಯ ಅನ್ನಿಸುತ್ತದೆ. 13 ಪಂದ್ಯ ಗೆದ್ದವರಿಗೆ ಇನ್ನೇನು ಪರೀಕ್ಷೆ, ಅಲ್ವಾ? ಆಮೇಲೆ ಪ್ಲೇಆಫ್‌ಗೆ ಸೇರದ ಆರೆಂಜ್ ಬೌಲ್ ಪಂದ್ಯದಲ್ಲಿ ಜಾರ್ಜಿಯಾ ಎದುರು 63-3ರಿಂದ ಸೋತರು, ನಿಜ. ಆದರೆ ಆ ದಿನ ಮುಖ್ಯ ಆಟಗಾರರು ಜಾಸ್ತಿ ಮಂದಿ ಕಣಕ್ಕೇ ಇಳಿದಿರಲಿಲ್ಲ.