ಸೋತ ಮರುದಿನದ ಟೆನಿಸ್

ಕೊಡಗಿನ ಮನೆತನದ ರೋಹನ್ ಬೋಪಣ್ಣ ಅವರು 2025ರ ನವೆಂಬರ್ ಮೊದಲ ದಿನ ವೃತ್ತಿಪರ ಟೆನಿಸ್‌ಗೆ ವಿದಾಯ ಹೇಳಿದರು. ಆ ಸುದ್ದಿಯ ಹಿಂದೆಯೇ ಟೆನಿಸ್ ಆಟಗಾರರ ದಿನಚರಿ, ದುಡಿಮೆ ಮತ್ತು ಮನಃಸ್ಥಿತಿಯನ್ನು ಕುರಿತು ಓದುಗರು ಬರೆದಿದ್ದಾರೆ. ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನನ್ನ ಮಗಳಿಗೆ ಹದಿಮೂರು ವರ್ಷ. ಕಿರಿಯರ ಟೂರ್ನಿಗಳಲ್ಲಿ ಆಡುತ್ತಾಳೆ. ಸೋತ ದಿನ ಊಟ ಬಿಡುತ್ತಾಳೆ, ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತನಾಡುವುದಿಲ್ಲ. ದೊಡ್ಡ ಆಟಗಾರರಿಗೆ ಸೋಲು ನೋಯುವುದಿಲ್ಲವೇ? ಅವರು ಅದನ್ನು ಹೇಗೆ ತಡೆದುಕೊಳ್ಳುತ್ತಾರೆ? — ಒಬ್ಬ ತಾಯಿ, ಹಾಸನ

ಉತ್ತರ: ನೋಯುತ್ತದೆ. ಆದರೆ ಆ ನೋವಿಗೆ ಎಷ್ಟು ಹೊತ್ತು ಕೊಡಬೇಕೆಂಬುದನ್ನು ಅವರು ಕಲಿತಿರುತ್ತಾರೆ, ಏಕೆಂದರೆ ಈ ಆಟದ ವ್ಯವಸ್ಥೆಯೇ ಸೋಲಿನ ಮೇಲೆ ನಿಂತಿದೆ. ವರ್ಷದ ನಾಲ್ಕು ಅತಿದೊಡ್ಡ ಟೂರ್ನಿಗಳನ್ನು ಗ್ರ್ಯಾನ್‌ಸ್ಲಾಮ್ ಎನ್ನುತ್ತಾರೆ; ಅಂಥ ಒಂದು ಟೂರ್ನಿಯ ಸಿಂಗಲ್ಸ್ ವಿಭಾಗದಲ್ಲಿ 128 ಮಂದಿ ಆಡುತ್ತಾರೆ. ಮೊದಲ ಸುತ್ತು ಮುಗಿಯುವಷ್ಟರಲ್ಲಿ 64 ಮಂದಿ ಹೊರಬಿದ್ದಿರುತ್ತಾರೆ, ಕೊನೆಗೆ ಸೋಲದೆ ಮನೆಗೆ ಹೋಗುವವರು ಒಬ್ಬರೇ. ಕ್ರಿಕೆಟ್ಟಿನಲ್ಲಿ ಪಂದ್ಯ ಡ್ರಾ ಆಗಬಹುದು, ಫುಟ್‌ಬಾಲ್ ಲೀಗಿನಲ್ಲಿ ಸೋತರೂ ಮುಂದಿನ ವಾರದ ಪಂದ್ಯ ಇದ್ದೇ ಇರುತ್ತದೆ. ಟೆನಿಸ್‌ನಲ್ಲಿ ಅಂಥ ಅನುಕೂಲವಿಲ್ಲ. ವಿಶ್ವದ ಮೊದಲ ಐವತ್ತರಲ್ಲಿರುವ ಆಟಗಾರರಲ್ಲಿಯೂ ಬಹುಪಾಲು ಮಂದಿ ವರ್ಷದ ಹೆಚ್ಚಿನ ವಾರಗಳನ್ನು ಸೋಲಿನೊಂದಿಗೇ ಮುಗಿಸುತ್ತಾರೆ.

ಇನ್ನೂ ಒಂದು ಲೆಕ್ಕವನ್ನು ತಮ್ಮ ಮಗಳಿಗೆ ತೋರಿಸಬಹುದು. ರೋಜರ್ ಫೆಡರರ್ 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಘಟಿಕೋತ್ಸವದಲ್ಲಿ ಮಾತನಾಡುತ್ತಾ, ತಾವು ಆಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಸುಮಾರು ಶೇ 80ರಷ್ಟನ್ನು ಗೆದ್ದರೂ ಪಾಯಿಂಟ್‌ಗಳ ಲೆಕ್ಕದಲ್ಲಿ ಗೆದ್ದದ್ದು ಶೇ 54ರಷ್ಟು ಮಾತ್ರ ಎಂದು ತಿಳಿಸಿದರು. ಅಂದರೆ, ಸರ್ವಕಾಲದ ಶ್ರೇಷ್ಠರಲ್ಲಿ ಒಬ್ಬರಾದ ಆಟಗಾರ ಕೂಡ ತಾನು ಆಡಿದ ಪಾಯಿಂಟ್‌ಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟನ್ನು ಎದುರಾಳಿಗೆ ಬಿಟ್ಟುಕೊಟ್ಟಿದ್ದಾನೆ. ಹೋದ ಪಾಯಿಂಟನ್ನು ಅಲ್ಲಿಗೇ ಬಿಟ್ಟು ಮುಂದಿನದಕ್ಕೆ ಪೂರ್ತಿ ಮನಸ್ಸು ಕೊಡುವವನು ಅರ್ಧಕ್ಕಿಂತ ಹೆಚ್ಚಾದ ಆ ನಾಲ್ಕು ಶೇಕಡಾ ಅಂಶದಲ್ಲಿಯೇ ಬದುಕು ಕಟ್ಟಿಕೊಳ್ಳುತ್ತಾನೆ.

ಬೋಪಣ್ಣ ಅವರ 2010ರ ಸೆಪ್ಟೆಂಬರ್ ತಿಂಗಳನ್ನು ನಾನು ಈ ಮಾತಿಗೆ ಅತ್ಯುತ್ತಮ ನಿದರ್ಶನವೆಂದು ತಿಳಿಯುತ್ತೇನೆ. ನ್ಯೂಯಾರ್ಕಿನಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಅವರೊಂದಿಗೆ ಅಮೆರಿಕ ಓಪನ್ ಡಬಲ್ಸ್ ಫೈನಲ್ ತಲುಪಿದ್ದ ಅವರು, ಬ್ರಯಾನ್ ಸಹೋದರರ ಎದುರು ಎರಡೂ ಸೆಟ್‌ಗಳನ್ನು ಟೈಬ್ರೇಕರ್‌ನಲ್ಲಿ (ಸೆಟ್ 6-6 ಆದಾಗ ಆಡುವ ನಿರ್ಣಾಯಕ ಗೇಮ್) ಕಳೆದುಕೊಂಡರು. ಅಲ್ಲಿಂದ ಚೆನ್ನೈಗೆ ಬಂದು ಬ್ರೆಜಿಲ್ ವಿರುದ್ಧದ ಡೇವಿಸ್ ಕಪ್‌ನಲ್ಲಿ (ದೇಶಗಳ ತಂಡಗಳ ನಡುವಿನ ಸ್ಪರ್ಧೆ, ಈ ಹಣಾಹಣಿಯಲ್ಲಿ ಐದು ಪಂದ್ಯ) ಮೊದಲ ದಿನವೇ ಥಾಮಸ್ ಬೆಲುಚ್ಚಿ ಅವರಿಗೆ ಐದು ಸೆಟ್‌ಗಳ ದೀರ್ಘ ಪಂದ್ಯದಲ್ಲಿ ಸೋತರು. ಭಾರತ 0-2ರಿಂದ ಹಿಂದೆ ಬಿದ್ದಿತ್ತು. ಪೇಸ್ ಮತ್ತು ಭೂಪತಿ ಡಬಲ್ಸ್ ಗೆದ್ದರು, ಸೋಮದೇವ್ ದೇವವರ್ಮನ್ ಸಮ ಮಾಡಿದರು, ನಿರ್ಣಾಯಕವಾದ ಐದನೇ ಪಂದ್ಯಕ್ಕೆ ಕೋರ್ಟಿಗೆ ಇಳಿಯಬೇಕಾದವರು ಮತ್ತೆ ಬೋಪಣ್ಣ ಅವರೇ. ಎರಡು ದಿನ ಹಿಂದೆ ಅದೇ ಕೋರ್ಟಿನಲ್ಲಿ ಸೋತಿದ್ದ ಅವರು ರಿಕಾರ್ಡೊ ಮೆಲ್ಲೊ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿ ಭಾರತವನ್ನು 3-2ರಿಂದ ಗೆಲ್ಲಿಸಿದರು. ಶುಕ್ರವಾರದ ಸೋಲನ್ನು ಭಾನುವಾರದವರೆಗೂ ಹೊತ್ತುಕೊಂಡಿದ್ದರೆ ಆ ಗೆಲುವು ಸಾಧ್ಯವಾಗುತ್ತಿರಲಿಲ್ಲ.

ತಮ್ಮ ಮಗಳ ವಿಷಯದಲ್ಲಿ ನನ್ನ ಸಲಹೆ ಇಷ್ಟು. ಸೋತು ಬಂದ ದಿನ ಕಾರಿನಲ್ಲಾಗಲಿ ಬಸ್ಸಿನಲ್ಲಾಗಲಿ ಪಂದ್ಯದ ವಿಮರ್ಶೆ ಬೇಡ, ಅಳುವುದಿದ್ದರೆ ಅಳಲಿ. ಮರುದಿನ ಕೋಚ್ ಎದುರು ಕೂತು, ಎಲ್ಲಿ ತಪ್ಪಿತೆಂಬುದನ್ನು ಒಂದೆರಡು ಸಾಲಿನಲ್ಲಿ ಅವಳೇ ಬರೆಯಲಿ, ಬಳಿಕ ಆ ಒಂದು ಹೊಡೆತವನ್ನೇ ಅಭ್ಯಾಸ ಮಾಡಲಿ. ಊಟ ಬಿಡುವುದು ವಾರಗಟ್ಟಲೆ ಮುಂದುವರಿದರೆ ಅಥವಾ ಆಟಕ್ಕೆ ಹೋಗಲೇ ಹೆದರುವಂತಾದರೆ ಮನೋವೈದ್ಯರನ್ನೋ ಕ್ರೀಡಾ ಮನಶ್ಶಾಸ್ತ್ರಜ್ಞರನ್ನೋ ಕಾಣಲು ಹಿಂಜರಿಯಬೇಡಿ. ಜಪಾನಿನ ಆಟಗಾರ್ತಿ ನವೊಮಿ ಒಸಾಕಾ ಅವರು 2021ರಲ್ಲಿ ಮಾನಸಿಕ ಆರೋಗ್ಯದ ಕಾರಣವನ್ನು ಬಹಿರಂಗವಾಗಿ ಹೇಳಿ ಫ್ರೆಂಚ್ ಓಪನ್‌ನಿಂದ ಹಿಂದೆ ಸರಿದರು. ಆಗ ಅವರ ಬಳಿ ನಾಲ್ಕು ಗ್ರ್ಯಾನ್‌ಸ್ಲಾಮ್ ಪ್ರಶಸ್ತಿಗಳಿದ್ದವು.

ಪ್ರಶ್ನೆ: ಎರಡು ಪಾಯಿಂಟ್‌ಗಳ ನಡುವೆ ಆಟಗಾರರು ಟವೆಲ್ ಹಿಡಿಯುವುದು, ರ‍್ಯಾಕೆಟ್‌ನ ತಂತಿಗಳನ್ನು ಸರಿಪಡಿಸುವುದು, ಚೆಂಡನ್ನು ಮತ್ತೆ ಮತ್ತೆ ಪುಟಿಸುವುದು ಇವೆಲ್ಲ ಬರಿಯ ಚಟವೇ? — ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಅಲ್ಲ, ಅದು ಕೆಲಸದ ಭಾಗ. ಪಂದ್ಯದ ಒಟ್ಟು ಅವಧಿಯಲ್ಲಿ ಚೆಂಡು ಆಟದಲ್ಲಿರುವ ಹೊತ್ತು ಕಡಿಮೆ. ಉಳಿದ ಹೊತ್ತೆಲ್ಲ ಆಟಗಾರ ತನ್ನ ತಲೆಯೊಳಗೇ ಇರುತ್ತಾನೆ. ಒಂದು ಪಾಯಿಂಟ್ ಮುಗಿದ ಮೇಲೆ ಮುಂದಿನ ಸರ್ವ್‌ಗೆ ನಿಯಮ ಕೊಡುವ ಸಮಯ 25 ಸೆಕೆಂಡ್. ಆ ಅವಧಿಯನ್ನು ಗಮನವಿಟ್ಟು ನೋಡಿ. ಡಬಲ್ ಫಾಲ್ಟ್ ಮಾಡಿದವನು (ಎರಡೂ ಸರ್ವ್ ತಪ್ಪಿ ಪಾಯಿಂಟ್ ಕಳೆದುಕೊಂಡವನು) ಮೊದಲು ನೆಟ್‌ಗೆ ಬೆನ್ನು ತಿರುಗಿಸುತ್ತಾನೆ, ಬೇಸ್‌ಲೈನ್‌ನ ಹಿಂದಕ್ಕೆ ನಾಲ್ಕು ಹೆಜ್ಜೆ ನಡೆಯುತ್ತಾನೆ, ಕಣ್ಣನ್ನು ಪ್ರೇಕ್ಷಕರ ಕಡೆಗೆ ಹೋಗಗೊಡದೆ ರ‍್ಯಾಕೆಟ್‌ನ ತಂತಿಗಳ ಮೇಲೆ ನಿಲ್ಲಿಸುತ್ತಾನೆ, ಉಸಿರನ್ನು ನಿಧಾನವಾಗಿ ಹೊರಬಿಡುತ್ತಾನೆ. ಹಾಳಾದ ಸರ್ವ್‌ನ ಸಿಟ್ಟು ಅಷ್ಟರೊಳಗೆ ಇಳಿಯಬೇಕು. ಆಮೇಲೆ ಚೆಂಡು ಕೇಳಿ ಪಡೆದು, ಅದರಲ್ಲಿ ಒಂದನ್ನು ಮರಳಿಸಿ, ಎಲ್ಲಿಗೆ ಸರ್ವ್ ಮಾಡಬೇಕೆಂದು ತೀರ್ಮಾನಿಸುತ್ತಾನೆ. ಚೆಂಡು ಪುಟಿಸುವ ಹೊತ್ತಿಗೆ ಯೋಚನೆ ಮುಗಿದಿರುತ್ತದೆ, ಕೈ ತಾನು ಸಾವಿರಾರು ಸಲ ಮಾಡಿದ್ದನ್ನು ಮತ್ತೆ ಮಾಡಲು ಸಿದ್ಧವಾಗುತ್ತದೆ.

ರಫೆಲ್ ನಡಾಲ್ ಅವರು ತಮ್ಮ ಕುರ್ಚಿಯ ಮುಂದೆ ನೀರಿನ ಎರಡು ಬಾಟಲಿಗಳನ್ನು ಪ್ರತಿ ಸಲವೂ ಒಂದೇ ಬಗೆಯಲ್ಲಿ, ಲೇಬಲ್ ಒಂದೇ ದಿಕ್ಕಿಗೆ ಬರುವಂತೆ ಇಡುತ್ತಿದ್ದುದನ್ನು ಅನೇಕರು ಮೂಢನಂಬಿಕೆಯೆಂದು ತಿಳಿದಿದ್ದರು. ಎದುರಾಳಿ, ಗಾಳಿ, ಬಿಸಿಲು, ಗದ್ದಲ ಯಾವುದೂ ತನ್ನ ಹಿಡಿತದಲ್ಲಿಲ್ಲದ ಕಡೆ ತನ್ನ ಹಿಡಿತದಲ್ಲಿರುವ ಒಂದು ಚಿಕ್ಕ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವುದರಿಂದ ಮನಸ್ಸು ನೆಲೆ ನಿಲ್ಲುತ್ತದೆ ಎಂದು ನಾನು ಅದನ್ನು ಅರ್ಥಮಾಡಿಕೊಳ್ಳುತ್ತೇನೆ. ಫೆಡರರ್ ಹದಿಹರೆಯದಲ್ಲಿ ಕೋರ್ಟಿನಲ್ಲಿ ರ‍್ಯಾಕೆಟ್ ಎಸೆಯುತ್ತಿದ್ದ ಮುಂಗೋಪಿ. ಆ ಶಾಂತ ಮುಖ ಹುಟ್ಟಿನಿಂದ ಬಂದದ್ದಲ್ಲ ಎಂಬುದು ಎಳೆಯ ಆಟಗಾರರಿಗೆ ಧೈರ್ಯ ಕೊಡಬೇಕು.

ಪ್ರಶ್ನೆ: ಪ್ರತಿವಾರ ಪರಸ್ಪರ ಎದುರಾಳಿಗಳಾಗುವವರ ನಡುವೆ ನಿಜವಾದ ಸ್ನೇಹ ಸಾಧ್ಯವೇ? — ಗೃಹಿಣಿ, ಉಡುಪಿ

ಉತ್ತರ: ಸಾಧ್ಯ. ಬೋಪಣ್ಣ ಮತ್ತು ಖುರೇಷಿ ‘ಯುದ್ಧ ನಿಲ್ಲಿಸಿ, ಟೆನಿಸ್ ಆರಂಭಿಸಿ’ ಎಂಬ ಸಂದೇಶವನ್ನು ಹೊತ್ತು ಆಡಿದ ಜೋಡಿ. ಆದರೂ ಒಂಟಿತನ ಈ ವೃತ್ತಿಯಲ್ಲಿ ದೊಡ್ಡ ಕಷ್ಟ. ವರ್ಷದಲ್ಲಿ ಸುಮಾರು ಹನ್ನೊಂದು ತಿಂಗಳು ಟೂರ್ನಿಗಳಿರುತ್ತವೆ, ಹಬ್ಬಹರಿದಿನಗಳು ಹೋಟೆಲು ಕೋಣೆಯಲ್ಲಿ ಕಳೆಯುತ್ತವೆ. ಉದ್ದೀಪನ ಮದ್ದು ಪರೀಕ್ಷೆಯ ಪಟ್ಟಿಯಲ್ಲಿರುವ ಆಟಗಾರರು ಪ್ರತಿದಿನ ಯಾವ ಒಂದು ಗಂಟೆ ಎಲ್ಲಿ ಸಿಗುತ್ತಾರೆಂಬುದನ್ನು ಮುಂಚಿತವಾಗಿ ತಿಳಿಸಿರಬೇಕು. ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದೇ ಅಪರಾಧವಾಗುತ್ತದೆ.

ಪ್ರಶ್ನೆ: ನಮ್ಮ ಬೋಪಣ್ಣ ಅವರು 43ನೇ ವಯಸ್ಸಿನಲ್ಲಿ ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೆ ಏರಿದ್ದು ಹೇಗೆ? ಆ ವಯಸ್ಸಿಗೆ ಎಲ್ಲರೂ ಆಟ ಬಿಟ್ಟಿರುತ್ತಾರಲ್ಲ! — ನಿವೃತ್ತ ಶಿಕ್ಷಕ, ಮಡಿಕೇರಿ

ಉತ್ತರ: ಅವರೂ ಬಿಡುವ ಹಂತಕ್ಕೆ ಬಂದಿದ್ದರು. ಒಮ್ಮೆ ಐದು ತಿಂಗಳು ಒಂದು ಪಂದ್ಯವನ್ನೂ ಗೆಲ್ಲಲಾಗದೆ, ಇನ್ನು ಸಾಕು ಎಂದು ಹೆಂಡತಿಗೆ ಸಂದೇಶ ಕಳುಹಿಸಿದ್ದಾಗಿ 2024ರ ಆಸ್ಟ್ರೇಲಿಯಾ ಓಪನ್ ಗೆದ್ದ ಬಳಿಕ ಅವರೇ ಹೇಳಿಕೊಂಡರು. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿತ್ತು, ನೋವಿನ ಮಾತ್ರೆಗಳಿಲ್ಲದೆ ಆಡುವುದು ಕಷ್ಟವಾಗಿತ್ತು. ಅವರನ್ನು ಮತ್ತೆ ಕಾಲ ಮೇಲೆ ನಿಲ್ಲಿಸಿದ್ದು ಅಯ್ಯಂಗಾರ್ ಪದ್ಧತಿಯ ಯೋಗ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ರೂಪಿಸಿದ ಈ ಪದ್ಧತಿಯಲ್ಲಿ ಹಗ್ಗ, ಕುರ್ಚಿ, ಮರದ ದಿಮ್ಮಿಗಳ ಆಸರೆಯಿಂದ ದೇಹವನ್ನು ಆಸನದಲ್ಲಿ ಬಹಳ ಹೊತ್ತು ನಿಲ್ಲಿಸಲಾಗುತ್ತದೆ. ಕನ್ನಡ ನೆಲದಲ್ಲಿ ಹುಟ್ಟಿದ ಒಬ್ಬ ಗುರುವಿನ ವಿದ್ಯೆ ಕೊಡಗಿನ ಆಟಗಾರನ ಮೊಣಕಾಲನ್ನು ಕಾಪಾಡಿತೆಂಬುದು ನನಗೆ ತುಂಬಾ ಸಂತೋಷ ಕೊಟ್ಟ ಸಂಗತಿ.

ಇನ್ನೊಂದು ಕಾರಣ, ತನ್ನ ಸಾಮರ್ಥ್ಯವನ್ನು ಅವರು ಸರಿಯಾಗಿ ಅಳೆದುಕೊಂಡದ್ದು. ಸಿಂಗಲ್ಸ್‌ನಲ್ಲಿ ಅವರು ಮೊದಲ 200ರೊಳಗೆ ಬರಲಿಲ್ಲ. ಬಲವಾದ ಸರ್ವ್ ಇದ್ದುದರಿಂದ, ಓಟ ಕಡಿಮೆಯಿರುವ ಡಬಲ್ಸ್ ಅನ್ನು ತಮ್ಮ ಕ್ಷೇತ್ರವಾಗಿಸಿಕೊಂಡರು. ಡಬಲ್ಸ್‌ನಲ್ಲಿ ಮನಸ್ಸಿನ ಕೆಲಸವೂ ಬೇರೆ: ನೆಟ್ ಬಳಿ ನಿಂತವನು ಬೆನ್ನ ಹಿಂದೆ ಬೆರಳಿನಿಂದ ಸನ್ನೆ ಮಾಡಿ, ತಾನು ಯಾವ ಕಡೆ ಚಲಿಸುತ್ತೇನೆಂದು ಸರ್ವ್ ಮಾಡುವ ಜೊತೆಗಾರನಿಗೆ ತಿಳಿಸುತ್ತಾನೆ, ಜೊತೆಗಾರ ತಪ್ಪಿದಾಗ ಮುಖ ಸಿಂಡರಿಸಿದರೆ ಮುಂದಿನ ಗೇಮ್ ಕೂಡ ಹೋಗುತ್ತದೆ. 2024ರ ಆಸ್ಟ್ರೇಲಿಯಾ ಓಪನ್ ಸೆಮಿಫೈನಲ್‌ನಲ್ಲಿ ಬೋಪಣ್ಣ ಮತ್ತು ಮ್ಯಾಥ್ಯೂ ಎಬ್ಡೆನ್ ಎರಡನೇ ಸೆಟ್ ಕಳೆದುಕೊಂಡು, ಮೂರನೆಯದನ್ನು 10-7ರ ಟೈಬ್ರೇಕರ್‌ನಲ್ಲಿ ಉಳಿಸಿಕೊಂಡರು. ಫೈನಲ್‌ನಲ್ಲಿ ಇಟಲಿಯ ಬೊಲೆಲ್ಲಿ ಮತ್ತು ವವಸ್ಸೋರಿ ಅವರ ಎದುರು ಮೊದಲ ಸೆಟ್‌ನ ಟೈಬ್ರೇಕರ್‌ನಲ್ಲಿ ಒಂದು ಪಾಯಿಂಟನ್ನೂ ಬಿಟ್ಟುಕೊಡಲಿಲ್ಲ.

ಆದರೆ ಆ ಶಿಖರದಲ್ಲಿ ಯಾರೂ ಕೂತಿರಲಾಗದು. ರ‍್ಯಾಂಕಿಂಗ್ ಅಂಕಗಳು ಬ್ಯಾಂಕಿನ ಠೇವಣಿಯಲ್ಲ. 52 ವಾರ ಕಳೆದರೆ ಅವು ತಾವಾಗಿಯೇ ಅಳಿದುಹೋಗುತ್ತವೆ. ಆಸ್ಟ್ರೇಲಿಯಾ ಓಪನ್ ನಡೆಯುವ ಮೆಲ್ಬರ್ನ್‌ನಲ್ಲಿ ಗಳಿಸಿದ 2,000 ಅಂಕಗಳನ್ನು ಉಳಿಸಿಕೊಳ್ಳಲು ಮರುವರ್ಷ ಅದೇ ಪ್ರಶಸ್ತಿಯನ್ನು ಮತ್ತೆ ಗೆಲ್ಲಬೇಕಿತ್ತು. 2025ರಲ್ಲಿ ಹೊಸ ಜೊತೆಗಾರನೊಂದಿಗೆ ಇಳಿದ ಅವರು ಮೊದಲ ಸುತ್ತಿನಲ್ಲೇ ಸೋತರು. ಅದಾದ ಮೇಲೂ ಆ ವರ್ಷದ ಕೊನೆಯವರೆಗೆ ಅವರು ಆಡಿದರೆಂಬುದನ್ನು ನಾನು ಪ್ರಶಸ್ತಿಯಷ್ಟೇ ಗೌರವದಿಂದ ನೆನೆಯುತ್ತೇನೆ.

ಪ್ರಶ್ನೆ: ಮಗನನ್ನು ಎಸ್ಸೆಸ್ಸೆಲ್ಸಿ ಆದ ಮೇಲೆ ಓದು ಬಿಡಿಸಿ ಪೂರ್ತಿ ಟೆನಿಸ್‌ಗೆ ಹಾಕಬೇಕೆಂದಿದ್ದೇನೆ. ಇದರಲ್ಲಿ ಜೀವನ ನಡೆಯುವಷ್ಟು ಹಣವಿದೆಯೇ? — ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಓದು ಬಿಡಿಸಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ. ಈ ವೃತ್ತಿಯ ಮೊದಲ ಮೆಟ್ಟಿಲಿನಲ್ಲಿರುವುದು 15,000 ಡಾಲರ್‌ನ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಟೂರ್ನಿಗಳು. ಅದು ಎಲ್ಲ ಆಟಗಾರರಿಗೂ ಹಂಚುವ ಒಟ್ಟು ಮೊತ್ತ. ಸಿಂಗಲ್ಸ್ ಗೆದ್ದವನ ಕೈಗೆ ಬರುವುದು ಸುಮಾರು 2,000 ಡಾಲರ್, ಅದರಲ್ಲೂ ತೆರಿಗೆ ಕಳೆಯಬೇಕು. ವಿಮಾನ, ವಸತಿ, ಊಟ, ತಂತಿ ಕಟ್ಟಿಸುವ ಖರ್ಚು, ಕೋಚ್ ಸಂಬಳ ಎಲ್ಲವೂ ಆಟಗಾರನದೇ. ಭಾರತದ ಅಗ್ರ ಸಿಂಗಲ್ಸ್ ಆಟಗಾರನಾಗಿದ್ದ ಸುಮಿತ್ ನಾಗಲ್ 2023ರಲ್ಲಿ ತಮ್ಮ ಖಾತೆಯಲ್ಲಿ ಉಳಿದಿರುವುದು 900 ಯೂರೊ ಎಂದು ಹೇಳಿದಾಗ ದೇಶಕ್ಕೆ ಆಶ್ಚರ್ಯವಾಯಿತು. ಅದೇ ನಾಗಲ್ ಕೆಲವೇ ತಿಂಗಳ ಬಳಿಕ ಆಸ್ಟ್ರೇಲಿಯಾ ಓಪನ್‌ನಲ್ಲಿ ಅರ್ಹತಾ ಸುತ್ತು ದಾಟಿ, ಶ್ರೇಯಾಂಕಿತ ಆಟಗಾರ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು.

2024ರಿಂದ ಪುರುಷ ವೃತ್ತಿಪರ ಆಟಗಾರರ ಸಂಸ್ಥೆಯಾದ ಎಟಿಪಿಯು ಮೊದಲ 250 ಸ್ಥಾನಗಳಲ್ಲಿರುವ ಸಿಂಗಲ್ಸ್ ಆಟಗಾರರಿಗೆ ಕನಿಷ್ಠ ಆದಾಯದ ಭರವಸೆ ಕೊಡಲು ಆರಂಭಿಸಿತು. ಅದು ಒಳ್ಳೆಯ ಕ್ರಮ. ಆದರೆ ಭಾರತದ ಬಹುತೇಕ ಆಟಗಾರರು ಆ 250ರ ಹೊರಗೇ ಇದ್ದಾರೆ.

ಓದು ಮತ್ತು ಆಟ ಎರಡನ್ನೂ ಹಿಡಿಯುವ ದಾರಿ ಇದೆ. ಸೋಮದೇವ್ ದೇವವರ್ಮನ್ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ 2007 ಮತ್ತು 2008ರಲ್ಲಿ ಅಲ್ಲಿನ ಅಂತರಕಾಲೇಜು ಸಿಂಗಲ್ಸ್ ಪ್ರಶಸ್ತಿ ಗೆದ್ದು, ಪದವಿ ಪಡೆದ ಮೇಲೆ ವೃತ್ತಿಪರರಾದರು; 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನವನ್ನೂ ತಂದರು. ತಮ್ಮ ಮಗ ಪಿಯುಸಿ ಮುಗಿಸುವಷ್ಟರಲ್ಲಿ ಐಟಿಎಫ್ ಜೂನಿಯರ್ ಟೂರ್ನಿಗಳಲ್ಲಿ ಎಲ್ಲಿ ನಿಂತಿದ್ದಾನೆಂಬುದನ್ನು ನೋಡಿ ಮುಂದಿನದನ್ನು ತೀರ್ಮಾನಿಸಿ. ಅದಕ್ಕೂ ಮೊದಲು ಬೆಂಗಳೂರಿನ ಕಬ್ಬನ್ ಉದ್ಯಾನದ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ (ಕೆಎಸ್‌ಎಲ್‌ಟಿಎ) ಅಂಗಣದಲ್ಲಿ, ಮುಖ್ಯ ಟೂರ್ನಿಗಳಿಗಿಂತ ಒಂದು ಹಂತ ಕೆಳಗಿನ ಚಾಲೆಂಜರ್ ಟೂರ್ನಿ ನಡೆಯುವಾಗ, ಫೈನಲ್ ದಿನ ಬಿಟ್ಟು ಅರ್ಹತಾ ಸುತ್ತಿನ ದಿನ ಅವನನ್ನು ಕರೆದುಕೊಂಡು ಹೋಗಿ. ಕೋಚ್ ಇಲ್ಲದೆ ಒಬ್ಬರೇ ಬಂದು ಆಡುವ ಆಟಗಾರರು ಅಲ್ಲಿ ಸಿಕ್ಕರೆ, ಪಂದ್ಯ ಮುಗಿದ ಮೇಲೆ ಅವರ ವರ್ಷದ ಖರ್ಚನ್ನೂ ಮುಂದಿನ ವಾರದ ಪಯಣವನ್ನೂ ಕೇಳಿ ತಿಳಿದುಕೊಳ್ಳಿ, ಮಗನೂ ಜೊತೆಗಿದ್ದು ಕೇಳಲಿ.