ಸರೋವರಗಳ ದೈತ್ಯ ಪ್ರಾಣಿಗಳು ನಿಜವಾಗಿಯೂ ಇರಬಹುದೇ?

ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದಲ್ಲಿದೆ ಎನ್ನಲಾಗುವ ನೆಸ್ಸಿಯಂಥ ದೈತ್ಯ ಪ್ರಾಣಿ ನಿಜವಾಗಿ ಇರಲು ಸಾಧ್ಯವೇ, ಅಷ್ಟೊಂದು ಜನ ಕಣ್ಣಾರೆ ಕಂಡಿದ್ದೇವೆ ಎನ್ನುವಾಗ ವಿಜ್ಞಾನಿಗಳು ಏಕೆ ಒಪ್ಪುವುದಿಲ್ಲ, ಸತ್ತೇಹೋಗಿದೆ ಎಂದುಕೊಂಡಿದ್ದ ಸೀಲಕ್ಯಾಂತ್ ಮೀನು ಮತ್ತೆ ಸಿಕ್ಕಿತಲ್ಲವೇ ಎಂದು ಕೇಳಿದ್ದೀರಿ. ಉದ್ದ ಕತ್ತಿನ ಆ ಪ್ರಾಣಿ ಅಲ್ಲಿಲ್ಲ ಎಂಬುದೇ ನನ್ನ ಖಚಿತ ಅಭಿಪ್ರಾಯ. ಹಾಗೆಂದು ಕಂಡವರೆಲ್ಲ ಸುಳ್ಳುಗಾರರು ಎನ್ನಲು ನಾನು ಸಿದ್ಧನಿಲ್ಲ.

ಇಂಥ ಚರ್ಚೆಗಳಲ್ಲಿ ಎಲ್ಲರೂ 'ಒಂದು' ಪ್ರಾಣಿಯನ್ನು ಹುಡುಕುತ್ತಾರೆ. ಆದರೆ ನಿಸರ್ಗದಲ್ಲಿ ಒಂಟಿ ಪ್ರಾಣಿ ಬಹುಕಾಲ ಉಳಿಯುವುದಿಲ್ಲ. ನೆಸ್ಸಿಯ ಆಧುನಿಕ ಕತೆ ಆರಂಭವಾದದ್ದು 1933ರಲ್ಲಿ. ಅಂದಿನಿಂದ ಇಂದಿನವರೆಗೆ ಅದು ಅಲ್ಲಿರಬೇಕಾದರೆ ಗಂಡು, ಹೆಣ್ಣು, ಮರಿ, ಮುದಿ ಎಲ್ಲವೂ ಸೇರಿದ ಒಂದು ಹಿಂಡೇ ಇರಬೇಕು, ಅವುಗಳಲ್ಲಿ ಕೆಲವಾದರೂ ಸತ್ತು ದಡಕ್ಕೆ ಬಂದಿರಬೇಕು. ಆ ಹಿಂಡಿಗೆ ಅನ್ನ ಎಲ್ಲಿಂದ ಬರಬೇಕು? ಲಾಕ್ ನೆಸ್ ಸುಮಾರು 37 ಕಿಲೋಮೀಟರ್ ಉದ್ದ, 230 ಮೀಟರ್ ಆಳವಿದ್ದರೂ ಅದರ ನೀರು ತಣ್ಣಗಿದೆ, ಪೋಷಕಾಂಶಗಳು ಕಡಿಮೆ. ಅಲ್ಲಿರುವ ಮೀನಿನ ಒಟ್ಟು ತೂಕ ಸುಮಾರು 20 ಟನ್ ಎಂಬ ಅಂದಾಜಿದೆ. ಬೇಟೆಯ ತೂಕದ ಹತ್ತನೇ ಒಂದು ಪಾಲಿನಷ್ಟು ಬೇಟೆಗಾರರು ಬದುಕಬಹುದು ಎಂಬ ಸ್ಥೂಲ ಲೆಕ್ಕ ಹಿಡಿದರೆ ಎರಡು ಟನ್ ಆಯಿತು, ಅಂದರೆ ತಲಾ 200 ಕಿಲೋ ತೂಗುವ ಹತ್ತು ಪ್ರಾಣಿಗಳು. ಕತೆಯ ದೈತ್ಯನಿಗೆ ಇದು ಸಾಲದು. ಇನ್ನು, ಅದು ಉದ್ದ ಕತ್ತಿನ ಪ್ರಾಚೀನ ಸಮುದ್ರ ಸರೀಸೃಪವಾದ ಪ್ಲೀಸಿಯೋಸಾರ್ ವಂಶದ್ದು ಎನ್ನುವವರು ಮರೆಯುವ ಸಂಗತಿಯೊಂದಿದೆ: ಆ ಸರೀಸೃಪಗಳು ಅಳಿದು ಆರೂವರೆ ಕೋಟಿ ವರ್ಷಗಳಾದವು, ಲಾಕ್ ನೆಸ್ ಕಣಿವೆಯಾದರೋ ಸುಮಾರು ಹತ್ತು ಸಾವಿರ ವರ್ಷಗಳ ಹಿಂದಿನವರೆಗೂ ಹಿಮನದಿಯ ಅಡಿಯಲ್ಲಿತ್ತು.

ಎರಡನೆಯದು ಉಸಿರಿನ ವಿಷಯ. ನಾನು ಮುಂಬಯಿಯಲ್ಲಿ ಪೊವಾಯಿ ಕೆರೆಯ ಹತ್ತಿರ ವಾಸವಾಗಿದ್ದೇನೆ. 1891ರಲ್ಲಿ ಅಣೆಕಟ್ಟು ಕಟ್ಟಿ ಮಾಡಿದ ಈ ಕೆರೆಯಲ್ಲಿ ಮಗ್ಗರ್ ಮೊಸಳೆಗಳಿವೆ, ಸುತ್ತಲೂ ಬಹುಮಹಡಿ ಕಟ್ಟಡಗಳೂ ವಾಹನಗಳೂ ತುಂಬಿರುವ ಊರಿನ ನಡುವೆಯೇ ಇವೆ. ಅಂತರಗಂಗೆಯ ಹಸಿರಿನ ನಡುವೆ ತೇಲುವ ಕೊರಡಿಗೂ ಮೊಸಳೆಗೂ ದೂರದಿಂದ ವ್ಯತ್ಯಾಸ ತಿಳಿಯುವುದು ಕಷ್ಟ. ಸಮಾಧಾನದಿಂದ ನೋಡುತ್ತಿದ್ದರೆ ಮುಂದೆ ಮೂಗಿನ ಒಂದು ಉಬ್ಬು, ಸ್ವಲ್ಪ ಅಂತರ ಬಿಟ್ಟು ಹಿಂದೆ ಕಣ್ಣುಗಳ ಎರಡು ಉಬ್ಬು ಕಾಣುತ್ತವೆ. ಮರುಕ್ಷಣ ಒಂದು ಅಲೆಯೂ ಏಳದಂತೆ ಅವು ಮುಳುಗುತ್ತವೆ. ಇಷ್ಟು ಗುಟ್ಟಾಗಿ ಬದುಕುವ ಪ್ರಾಣಿಯೂ ಬಿಸಿಲು ಕಾಯಲು ದಡಕ್ಕೆ ಬರುತ್ತದೆ, ಮೊಟ್ಟೆಯಿಡಲು ನೆಲಕ್ಕೆ ಬರುತ್ತದೆ, ಜನರ ಕ್ಯಾಮೆರಾಗಳಿಗೆ ಸಿಕ್ಕಿಬೀಳುತ್ತದೆ. 2025ರಲ್ಲಿ ಒಂದು ಮೊಸಳೆ ಪಕ್ಕದ ಐಐಟಿ ಆವರಣದ ರಸ್ತೆಗೇ ಬಂದಿತ್ತು. ಜಗತ್ತಿನಲ್ಲೇ ಅತ್ಯಂತ ಆಳವಾದ, ರಷ್ಯಾದ ಬೈಕಲ್ ಸರೋವರ 1,642 ಮೀಟರ್ ಆಳವಿದ್ದರೂ ಅಲ್ಲಿನ ನೆರ್ಪಾ ಸೀಲ್‌ಗಳು ಯಾರಿಗೂ ರಹಸ್ಯವಲ್ಲ, ಏಕೆಂದರೆ ಶ್ವಾಸಕೋಶವಿರುವ ಪ್ರಾಣಿ ದಿನಕ್ಕೆ ಹಲವು ಬಾರಿ ಮೇಲೆ ಬರಲೇಬೇಕು. ನೆಸ್ಸಿ ಸರೀಸೃಪವಾಗಿದ್ದರೆ ಅದಕ್ಕೂ ಇದೇ ಗತಿ.

ಸಾಕ್ಷ್ಯಗಳ ವಿಚಾರದಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. 1934ರಲ್ಲಿ ಪ್ರಕಟವಾದ, ಎಲ್ಲರೂ ಕಂಡಿರುವ ಆ ಕತ್ತಿನ ಚಿತ್ರ ಆಟಿಕೆ ಜಲಾಂತರ್ಗಾಮಿಯ ಮೇಲೆ ಕೃತಕ ತಲೆ ಕೂರಿಸಿ ತೆಗೆದದ್ದೆಂದು 1994ರಲ್ಲಿ ಬಹಿರಂಗವಾಯಿತು. 1987ರಲ್ಲಿ ಇಪ್ಪತ್ತಕ್ಕೂ ಹೆಚ್ಚು ದೋಣಿಗಳು ಸಾಲಾಗಿ ನಿಂತು, ಶಬ್ದ ಕಳುಹಿಸಿ ಅದರ ಪ್ರತಿಧ್ವನಿಯಿಂದ ನೀರಿನೊಳಗಿನ ವಸ್ತುಗಳನ್ನು ಪತ್ತೆಹಚ್ಚುವ ಸೋನಾರ್‌ನಿಂದ ಸರೋವರವನ್ನು ಜಾಲಾಡಿದವು. ವಿವರಣೆ ಸಿಗದ ಕೆಲವು ಪ್ರತಿಧ್ವನಿಗಳು ಬಂದವೇ ಹೊರತು ದೈತ್ಯ ಪ್ರಾಣಿ ಸಿಗಲಿಲ್ಲ. ನನ್ನ ಮಟ್ಟಿಗೆ ನಿರ್ಣಾಯಕವಾದದ್ದು ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ನೀಲ್ ಗೆಮ್ಮೆಲ್ ಅವರ ತಂಡ 2018ರಲ್ಲಿ ಮಾಡಿದ ಕೆಲಸ. ಜೀವಿಗಳು ಚರ್ಮ, ಲೋಳೆ, ಮಲಗಳ ಮೂಲಕ ನೀರಿನಲ್ಲಿ ಬಿಟ್ಟುಹೋಗುವ ಡಿಎನ್‌ಎಯನ್ನು ಅವರು ಬೇರೆ ಬೇರೆ ಆಳಗಳಿಂದ ಸಂಗ್ರಹಿಸಿ ಪರೀಕ್ಷಿಸಿದರು. ಸರೀಸೃಪದ ಡಿಎನ್‌ಎ ಎಲ್ಲೂ ಇರಲಿಲ್ಲ, ಹಾವುಮೀನಿನದು ಮಾತ್ರ ಹೇರಳವಾಗಿತ್ತು. ಹಾಗಾದರೆ ನೆಸ್ಸಿ ದೊಡ್ಡ ಹಾವುಮೀನಿರಬಹುದೇ ಎಂಬ ಮಾತು ಆಗ ಎದ್ದಿತು. ಆದರೆ ಡಿಎನ್‌ಎ ಯಾವ ಜಾತಿ ಎಂಬುದನ್ನು ಹೇಳುತ್ತದೆ, ಎಷ್ಟು ಉದ್ದ ಎಂಬುದನ್ನು ಹೇಳುವುದಿಲ್ಲ. ಯುರೋಪಿನ ಹಾವುಮೀನು ಸಾಮಾನ್ಯವಾಗಿ ಒಂದು ಮೀಟರಿಗಿಂತ ಉದ್ದ ಬೆಳೆಯುವುದಿಲ್ಲ.

ಹಾಗಾದರೆ ಜನ ಕಂಡದ್ದೇನು? ಇಕ್ಕೆಲಗಳಲ್ಲಿ ಕಡಿದಾದ ದಡವಿರುವ ಕಿರಿದಾದ ಸರೋವರದಲ್ಲಿ ದೋಣಿ ಎಬ್ಬಿಸಿದ ಅಲೆಗಳು ದಡಕ್ಕೆ ಬಡಿದು ಹಿಂದಿರುಗಿ ಒಂದನ್ನೊಂದು ಕೂಡುತ್ತವೆ. ದೋಣಿ ಕಣ್ಮರೆಯಾದ ಮೇಲೂ ಶಾಂತ ನೀರಿನ ನಡುವೆ ಕಪ್ಪು ಡುಬ್ಬಗಳು ಸಾಲಾಗಿ ಚಲಿಸುವಂತೆ ಕಾಣುತ್ತದೆ. ಅಳೆದು ನೋಡಲು ಹತ್ತಿರದಲ್ಲಿ ಬೇರೇನೂ ಇಲ್ಲದಿರುವಾಗ ಈಜುವ ಜಿಂಕೆಯೋ ನೀರುಹಕ್ಕಿಯೋ ನಾಲ್ಕು ಪಟ್ಟು ದೊಡ್ಡದೆನಿಸುವುದು ಸಹಜ. ಅವರು ಕಂಡದ್ದು ನಿಜ, ಅದಕ್ಕೆ ಕೊಟ್ಟ ಹೆಸರು ಮಾತ್ರ ತಪ್ಪು.

ಸೀಲಕ್ಯಾಂತ್ 1938ರಲ್ಲಿ ಸಿಕ್ಕಿದ್ದು ದಕ್ಷಿಣ ಆಫ್ರಿಕಾದ ಬಳಿ, ವಿಶಾಲ ಸಾಗರದಲ್ಲಿ. ಅದನ್ನು ಮುಚ್ಚಿದ ಒಂದು ಸರೋವರಕ್ಕೆ ಹೋಲಿಸಲಾಗದು. ಸಿಹಿನೀರಿನ ನಿಜವಾದ ದೈತ್ಯರು ಬೇಕೆಂದರೆ ಅವು ಬೇರೆಡೆ ಇವೆ. ಕಾಂಬೋಡಿಯಾದ ಮೆಕಾಂಗ್ ನದಿಯಲ್ಲಿ 2022ರ ಜೂನ್‌ನಲ್ಲಿ ಬೆಸ್ತರೊಬ್ಬರಿಗೆ 300 ಕಿಲೋ ತೂಕದ ತೊರಕೆ ಮೀನು ಸಿಕ್ಕಿತು. ಚೀನಾದ ಯಾಂಗ್ಟ್ಸೆ ನದಿಯಲ್ಲಿ ಮೂರು ಮೀಟರಿಗೂ ಮೀರಿ ಬೆಳೆಯುತ್ತಿದ್ದ, ಕತ್ತಿಯಂಥ ಮೂತಿಯ ಪ್ಯಾಡಲ್‌ಫಿಶ್ ಇತ್ತು. ಅಣೆಕಟ್ಟುಗಳು ಮೊಟ್ಟೆಯಿಡಲು ಹೋಗುವ ದಾರಿಯನ್ನು ತಡೆದವು, ಬಲೆಗಳು ಉಳಿದವನ್ನು ಬಾಚಿದವು. ಅದು ಜೀವಂತವಾಗಿ ಕಂಡದ್ದು 2003ರಲ್ಲಿ ಕೊನೆ. ಅಳಿದುಹೋಗಿದೆಯೆಂದು 2022ರಲ್ಲಿ ಘೋಷಿಸಿದರು. ಇಲ್ಲದ ನೆಸ್ಸಿಯನ್ನು ಹುಡುಕಲು ಜಗತ್ತು ತೋರಿದ ಆಸಕ್ತಿಯಲ್ಲಿ ಕಿಂಚಿತ್ತಾದರೂ ಆ ಮೀನಿಗೆ ಸಕಾಲದಲ್ಲಿ ದೊರೆಯಲಿಲ್ಲ ಎಂಬುದು ನನಗೆ ತೀರಾ ನೋವಿನ ಸಂಗತಿ.